ಬಚ್ಚಲಲ್ಲಿ ಜಾರದ ಹೆಂಗಸು

ರಾಜಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ನಮ್ಮ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬರ ಊರಿನ ಹಾಲಿನ ಡೈರಿಯ ಪಕ್ಕ, ಎರಡು ಬೊಂಬಿನ ನಡುವೆ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಹೂವಿನ ಚೌಕಟ್ಟಿನೊಳಗೆ ಒಂದು ನಗುವ ಮುಖ. ಸ್ಕೂಟರ್ ನಿಲ್ಲಿಸಿ ನೋಡಿದೆ. ಅಗಲವಾದ ಹಣೆ, ಬಲಗೆನ್ನೆಯ ಮೇಲೆ ಹುರುಳಿಕಾಳಿನಷ್ಟು ಮಚ್ಚೆ, ಎದುರಿಗಿರುವವರನ್ನು ‘ಸರಿ, ಈಗ ನಿಜ ಹೇಳು’ ಎಂದು ಕೇಳುವಂಥ ಕಣ್ಣು. ಅವರೇ. ಆದರೆ ಬಾಯಿ ಅವರದಾಗಿರಲಿಲ್ಲ. ಮೇಲಿನ ಸಾಲಿನ ಹಲ್ಲುಗಳೆಲ್ಲ ಮಲ್ಲಿಗೆ ಮೊಗ್ಗು ಪೋಣಿಸಿದಂತೆ ಇದ್ದವು. ಫೋಟೋ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಅವರಿಗಿಲ್ಲದ ಮುಂದಿನ ಹಲ್ಲೊಂದನ್ನು ಕೂರಿಸಿಬಿಟ್ಟಿದ್ದರು. ಸತ್ತವರಿಗೆ ಉಪಕಾರ ಮಾಡೋಣ ಎಂದೇ ಮಾಡಿರಬೇಕು. ಬದುಕಿದ್ದಿದ್ದರೆ ಅವರು ಆ ಸ್ಟುಡಿಯೋ ಬಾಗಿಲಿಗೆ ಹೋಗಿ, "ಯಾರನ್ನ ಕೇಳಿ ಹಾಕಿದ್ರಪ್ಪಾ ಇದನ್ನ? ತೆಗೀರಿ" ಅನ್ನದೆ ವಾಪಸು ಬರುತ್ತಿರಲಿಲ್ಲ.

ಆ ಒಂದು ಹಲ್ಲಿನ ಕಥೆ ನನಗೆ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ. ಮೊದಲರ್ಧದ ಪಾಲು ಹೇಳಿಕೊಳ್ಳುವಂಥದ್ದಲ್ಲ.

ನಾನು ಆಗ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ರಜೆ, ಯಾರಿಗೆ ಪೆಟ್ಟಾಯಿತು, ಯಾರು ಕೆಲಸ ಬಿಟ್ಟರು, ಇಷ್ಟನ್ನು ಬರೆದಿಡುವುದು ನನ್ನ ಕೆಲಸ. ಅವರು ಹೊಲಿಗೆಯ ಸಾಲಿನಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದರು. ನನಗಿಂತ ಆರೇಳು ವರ್ಷ ದೊಡ್ಡವರು. ಹೆಸರು ರಿಜಿಸ್ಟರಿನಲ್ಲಿ ಮಾತ್ರ ಇತ್ತು; ಕಾರ್ಖಾನೆಗೆಲ್ಲ ಅವರು ‘ಅಕ್ಕ’. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಊರಿನಲ್ಲಿ ಒಂದಿಷ್ಟು ಹೊಲ, ಎರಡು ಸೀಮೆಹಸು, ಮಾತು ಕಡಿಮೆಯ ಗಂಡ, ಮದುವೆಯಾಗಿ ನೆಲಮಂಗಲದ ಕಡೆ ಹೋದ ಒಬ್ಬಳು ಮಗಳು. ಬೆಳಿಗ್ಗೆ ಹಾಲು ಕರೆದು, ಮುದ್ದೆ ಕಟ್ಟಿಟ್ಟು, ಕಾರ್ಖಾನೆಯ ಗಾಡಿ ಹತ್ತಿ ಬರುತ್ತಿದ್ದರು.

ಅವರನ್ನು ನಾನು ಮೊದಲು ಸರಿಯಾಗಿ ಗಮನಿಸಿದ್ದು ಒಂದು ಜಗಳದಲ್ಲಿ. ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಹೊಲಿದ ತೋಳು ಸರಿಯಿಲ್ಲವೆಂದು ಸೂಪರ್‌ವೈಸರ್ ಬಟ್ಟೆಯ ಕಟ್ಟನ್ನು ಅವಳ ಕಡೆಗೆ ಎಸೆದಿದ್ದ. ಅದು ಮುಖಕ್ಕೆ ಬಡಿದು ನೆಲಕ್ಕೆ ಬಿತ್ತು. ಅಕ್ಕ ತಮ್ಮ ಮೆಷಿನ್ ನಿಲ್ಲಿಸಿ ಎದ್ದು, ಬಟ್ಟೆಯನ್ನೆಲ್ಲ ಒಂದೊಂದಾಗಿ ಆರಿಸಿ, ಕೊಡವಿ, ಮಡಿಸಿ, ತೆಗೆದುಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟರು. "ಹೊಲಿಗೆ ಸರಿಯಿಲ್ಲ ಅಂದ್ರೆ ಬಾಯಲ್ಲಿ ಹೇಳಪ್ಪ. ಬಾಯಿ ಐತಲ್ಲ. ಎಸೆಯೋಕೆ ಇದು ನಾಯಿಗೆ ಹಾಕೋ ರೊಟ್ಟಿ ಅಲ್ಲ" ಎಂದರು. ದನಿ ಏರಿಸಲಿಲ್ಲ. ಆಮೇಲೆ ಆ ಹೊಸಬಳ ಹತ್ತಿರ ಬಂದು, "ತೋಳು ನಿಜವಾಗ್ಲೂ ಸೊಟ್ಟಗೈತೆ ಕಣೆ, ಬಿಚ್ಚು" ಎಂದು ಬೈದರು.

ಅವರು ದೇವತೆಯೇನಲ್ಲ. ಹಟಮಾರಿ. ಯಾರ ಮೇಲಾದರೂ ಮುನಿಸು ಬಂದರೆ ಅದನ್ನು ಹೆಪ್ಪು ಹಾಕಿ ಇಡುತ್ತಿದ್ದರು. ಗಾಡಿಯ ಕಿಟಕಿ ಪಕ್ಕದ ಸೀಟಿಗಾಗಿ ತಮ್ಮದೇ ಊರಿನ ಒಬ್ಬ ಹೆಂಗಸಿನ ಜೊತೆ ಒಮ್ಮೆ ಮಾತಿಗೆ ಮಾತು ಬೆಳೆದು, ನಾಲ್ಕು ವರ್ಷ ಆಕೆಯನ್ನು ಮಾತಾಡಿಸಿರಲಿಲ್ಲ. ಇಬ್ಬರ ಮೆಷಿನ್‌ಗಳೂ ಅಕ್ಕಪಕ್ಕ. ಕತ್ತರಿ ಬೇಕಾದರೆ ಮೂರನೆಯವರ ಮೂಲಕ ಕೇಳಿಸುತ್ತಿದ್ದರು.

ಆ ಗಾಡಿಯ ವಿಚಾರ ಹೇಳಬೇಕು. ಇಪ್ಪತ್ತಾರು ಸೀಟಿನ ಮಿನಿ ಬಸ್ಸು. ಒಬ್ಬ ಗುತ್ತಿಗೆದಾರನದು. ಆ ದಿಕ್ಕಿನ ನಾಲ್ಕೈದು ಹಳ್ಳಿಗಳಿಂದ ಬರುತ್ತಿದ್ದವರು ಐವತ್ತಕ್ಕೂ ಹೆಚ್ಚು ಜನ. ಅರ್ಧದಷ್ಟು ಜನ ನಿಂತೇ ಬರಬೇಕು. ನಿಂತವರ ಊಟದ ಡಬ್ಬಿ ಕೂತವರ ತೊಡೆಯ ಮೇಲೆ. ಹಾಗೆ ಒಂದು ಬೆಳಿಗ್ಗೆ ಹೊಸದಾಗಿ ಹಾಕಿದ್ದ ಹಂಪ್ ಕಾಣದೆ ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದ. ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಅಕ್ಕನ ಬಾಯಿ ಮುಂದಿನ ಸೀಟಿನ ಕಬ್ಬಿಣದ ಹಿಡಿಗೆ ಬಡಿಯಿತು.

ಎಂಟೂ ಐವತ್ತಕ್ಕೆ ಟೈಮ್ ಆಫೀಸಿನ ಕಿಟಕಿಯ ಮುಂದೆ ಅವರು ನಿಂತಾಗ ಸೆರಗಿನ ಅರ್ಧ ಭಾಗ ಬಾಯಲ್ಲಿತ್ತು, ಅದು ಕೆಂಪಾಗಿತ್ತು. ನಾನು ಗಾಬರಿಯಿಂದ ಎದ್ದೆ. ಅವರು ಕೈಸನ್ನೆಯಿಂದ ನನ್ನನ್ನು ತಡೆದು, ಮೊದಲು ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ, ಅದು ಕುಂಯ್ ಎಂದ ಮೇಲೆ ಸೆರಗು ತೆಗೆದು, "ಮೊದ್ಲು ಪಂಚು, ಆಮೇಲೆ ಪಂಚಾಯ್ತಿ" ಎಂದರು. ಮಾತು ತೊದಲಿತ್ತು. ಮೇಲಿನ ಮುಂದಿನ ಹಲ್ಲು ಓರೆಯಾಗಿ, ವಸಡಿನ ಹತ್ತಿರದವರೆಗೂ ಮುರಿದಿತ್ತು. ಉಳಿದಿದ್ದ ತುಂಡಿನ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ. ಅದು ನರ ಎಂದು ಆಮೇಲೆ ಗೊತ್ತಾಯಿತು. ಅವರು ಉಸಿರು ಒಳಕ್ಕೆಳೆದಾಗಲೆಲ್ಲ ಗಾಳಿ ಅದಕ್ಕೆ ತಗುಲಿ ಕಣ್ಣಲ್ಲಿ ನೀರು ತುಂಬುತ್ತಿತ್ತು.

ಕಾರ್ಖಾನೆಯ ನರ್ಸು ಹತ್ತಿ ಇಟ್ಟು ಮಾತ್ರೆ ಕೊಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಗುತ್ತಿಗೆದಾರನ ಫೋನು ಅವರಿಗೆ ಆಗಲೇ ಬಂದಿತ್ತು. "ನೋಡ್ರೀ, ಗಾಡಿಯಲ್ಲಿ ಆಯ್ತು ಅಂತ ಬರೆದ್ರೆ ಇಪ್ಪತ್ತಾರು ಸೀಟಿಗೆ ಎಷ್ಟು ಜನ ಇದ್ರು ಅಂತ ಕೇಳ್ತಾರೆ. ಅದೆಲ್ಲ ಬೇಡ. ಮನೆಯಲ್ಲಿ ಬಿದ್ದಿದ್ದು ಅಂತ ಒಂದು ಹೇಳಿಕೆ ಬರೆದು ಸೈನ್ ಹಾಕಿಸಿ. ಬೆಂಗಳೂರಲ್ಲಿ ಒಳ್ಳೆ ಕ್ಲಿನಿಕ್ಕಿನಲ್ಲಿ ಹೊಸ ಹಲ್ಲೇ ಹಾಕಿಸಿಕೊಡೋಣ. ನಾಳೆನೇ" ಎಂದರು.

ಇಲ್ಲ ಎನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಂಥ ಹೇಳಿಕೆಗಳನ್ನು ಅದಕ್ಕೂ ಮೊದಲು ಬರೆದಿದ್ದೆ. ಕೂತು ಅಚ್ಚುಕಟ್ಟಾಗಿ ಬರೆದೆ: ‘ಈ ದಿನ ಬೆಳಿಗ್ಗೆ ನನ್ನ ಮನೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ನನ್ನ ಹಲ್ಲು ಮುರಿದಿರುತ್ತದೆ. ಇದಕ್ಕೆ ಬೇರೆ ಯಾರೂ ಕಾರಣರಲ್ಲ.’

ಅವರು ಏಳನೇ ತರಗತಿ ಓದಿದ್ದರು. ಯಾವ ಕಾಗದವನ್ನೂ ಓದದೆ ಸಹಿ ಹಾಕುತ್ತಿರಲಿಲ್ಲ. ಬೆರಳನ್ನು ಅಕ್ಷರದ ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಅವತ್ತು ತುಟಿ ಊದಿತ್ತು, ಆದರೂ ಅಲ್ಲಾಡಿಸಿದರು. ಓದಿ ಮುಗಿಸಿ ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ನಮ್ಮನೆ ಬಚ್ಚಲು ನಾನು ದಿನಾ ತಿಕ್ಕಿ ತೊಳೀತೀನಿ ಸಾ. ಅದ್ರಲ್ಲಿ ಇರುವೆನೂ ಜಾರಲ್ಲ."

"ಬರೀ ಕಾಗದಕ್ಕೆ ಅಕ್ಕಾ. ನಾಳೆನೇ ಹಲ್ಲು ಹಾಕಿಸ್ತಾರಂತೆ."

ಅವರು ಹತ್ತಿಯನ್ನು ಬಾಯಿಂದ ತೆಗೆದು, ಒಂದೊಂದೇ ಮಾತನ್ನು ನೋವಿನ ಸುತ್ತ ಬಳಸಿ ತರುವ ಹಾಗೆ ಹೇಳಿದರು. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಯಾವ ಹೆಂಗಸು ಹೇಳ್ತಾಳೆ, ನಿಮ್ಗೆ ಗೊತ್ತಿಲ್ವಾ? ಗಂಡನ ಕೈಲಿ ಏಟು ತಿಂದೋಳು. ನೀವು ಇದನ್ನ ಬರೆದ್ರೆ ಊರೆಲ್ಲ ನಮ್ಮ ಯಜಮಾನ್ರ ಕೈ ನೋಡುತ್ತೆ. ಆ ಮನುಷ್ಯ ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದು ದಿನ ಕೈ ಎತ್ತಿಲ್ಲ. ನಿಮ್ಮ ಗಾಡಿ ಮಾಡಿದ್ದನ್ನ ತಗೊಂಡೋಗಿ ಅವ್ರ ತಲೆಗೆ ಕಟ್ತೀರಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಹಲ್ಲು ನಂದು. ಮುರಿದಿದ್ದು ನಿಮ್ಮ ಗಾಡೀಲಿ. ಅಷ್ಟು ಬರೀರಿ, ಸೈನ್ ಹಾಕ್ತೀನಿ" ಎಂದು ಹೇಳಿ ಅವರು ತಮ್ಮ ಮೆಷಿನ್ನಿಗೆ ಹೋದರು. ಮಧ್ಯಾಹ್ನದ ತನಕ ಕಾಲರ್ ಹೊಲಿದರು. ಊಟದ ಹೊತ್ತಿಗೆ ಮುದ್ದೆ ನುಂಗಲಾಗದೆ ಬರೀ ಸಾರು ಕುಡಿದರಂತೆ.

ಮುಂದಿನ ಒಂದು ವಾರ ಮ್ಯಾನೇಜರ್ ದಿನಕ್ಕೊಮ್ಮೆ ಅವರನ್ನು ಕರೆಸಿದರು. ಅವರು ದಿನಕ್ಕೊಮ್ಮೆ ಓದಿ, ದಿನಕ್ಕೊಮ್ಮೆ ವಾಪಸು ತಳ್ಳಿದರು. ಕೊನೆಗೆ ಅವರನ್ನು ಕಾಲರ್ ಹೊಲಿಗೆಯಿಂದ ಎತ್ತಿ, ಹೊಸಬರನ್ನು ಕೂರಿಸುವ ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿದರು. ಅದು ನಿಂತು ಮಾಡುವ ಕೆಲಸ. ಹದಿನೈದು ವರ್ಷ ಹೊಲಿದ ಕೈಗೆ ಅವಮಾನ ಮಾಡಬೇಕೆಂದೇ ಮಾಡಿದ್ದು. ಅವರು ಕತ್ತರಿ ಹಿಡಿದು ನೋಡಿ, "ಮೊಂಡಾಗೈತೆ, ಬೇರೆ ಕೊಡಿ" ಎಂದರು.

ಆದರೆ ಅವರು ಹೆದರಿದ್ದು ಆಗಿಯೇ ಆಯಿತು. ನಾವು ಕಾಗದದಲ್ಲಿ ಬರೆಯದೆ ಇದ್ದರೂ ಊರು ತಾನಾಗಿಯೇ ಬರೆದುಕೊಂಡಿತ್ತು. ಮುಂದಿನ ಹಲ್ಲು ಮುರಿದ ಹೆಂಗಸನ್ನು ಕಂಡರೆ ಜನ ಮೊದಲು ಗಂಡನ ಕಡೆ ನೋಡುತ್ತಾರೆ. ಡೈರಿಯಲ್ಲಿ ಹಾಲು ಹಾಕುವಾಗ ಯಾರೋ, "ಏನಪ್ಪಾ, ಹಸು ಒದೀತಾ, ಇಲ್ಲ ನೀನೇ ಒದ್ದೆಯಾ?" ಎಂದು ನಕ್ಕಿದ್ದರು. ಮಾರನೆಯ ದಿನದಿಂದ ಅಕ್ಕನ ಯಜಮಾನರು ಹಾಲಿನ ಕ್ಯಾನನ್ನು ಪಕ್ಕದ ಮನೆಯವರ ಕೈಲಿ ಕಳಿಸತೊಡಗಿದರು. ಇದನ್ನು ಅಕ್ಕ ನನಗೆ ಹೇಳಿದ್ದು ಮುಂದಿನ ಭಾನುವಾರ, ದಂತವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು.

ಆ ಕ್ಲಿನಿಕ್ಕು ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯಲ್ಲೇ ಇತ್ತು. ಲವಂಗ ಕಚ್ಚಿ, ಉಪ್ಪುನೀರು ಮುಕ್ಕಳಿಸಿ, ಒಂದು ವಾರ ತಡೆದುಕೊಂಡಿದ್ದರು. ಆ ಭಾನುವಾರ ಮುಖದ ಒಂದು ಪಕ್ಕ ಇಡ್ಲಿಯ ಹಾಗೆ ಊದಿಕೊಂಡು, ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಒಳಗೆ ಕರೆದು ನೀರು ಕೊಟ್ಟಳು. ಅವರು ನನ್ನ ಕಡೆ ನೋಡದೆ ಅವಳಿಗೆ ಹೇಳಿದರು. "ಇಲ್ಲಿ ಹಲ್ಲಿನ ಡಾಕ್ಟ್ರು ಅವ್ರಂತೆ. ಒಬ್ಳೇ ಹೋಗೋಕೆ ಭಯ ಆಯ್ತದೆ ಕಣಮ್ಮ. ಜೊತೇಲಿ ಬರ್ತೀಯಾ?"

ಭಯ ಎನ್ನುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾನೂ ಅವರಿಬ್ಬರ ಜೊತೆ ಹೊರಟೆ. ಒಮ್ಮೆ ಮೆಷಿನ್ನಿನ ಸೂಜಿ ಅವರ ತೋರುಬೆರಳಿನ ಉಗುರು ತೂರಿ ಕೆಳಗಿನಿಂದ ಬಂದಿತ್ತು. ಆಗ ಅವರೇ ಚಕ್ರ ಹಿಂದಕ್ಕೆ ತಿರುಗಿಸಿ ಸೂಜಿ ಬಿಡಿಸಿಕೊಂಡು, ರಕ್ತ ಬಟ್ಟೆಗೆ ತಾಗಿತೇನೋ ಎಂದು ನೋಡಿದ್ದರು. ಅಂಥವರು ಡಾಕ್ಟರ ಕೈಯಲ್ಲಿದ್ದ ಚಿಕ್ಕ ಸಿರಿಂಜನ್ನು ಕಂಡು ಎರಡು ಸಲ ಕುರ್ಚಿಯಿಂದ ಇಳಿದು ಹೊರಗೆ ಬಂದರು. ಒಂದು ಸಲ ಫೋನು ಬಂತು ಎಂದರು. ಇನ್ನೊಂದು ಸಲ ಹಸುವಿಗೆ ನೀರಿಟ್ಟಿಲ್ಲ, ಮನೆಗೆ ಹೋಗಬೇಕು ಎಂದರು. "ಅಕ್ಕಾ, ಹಸುವಿಗೆ ನೀರು ನಿಮ್ಮನೆಯವರು ಇಡ್ತಾರೆ. ಬನ್ನಿ" ಎಂದು ನನ್ನ ಹೆಂಡತಿ ಕೈ ಹಿಡಿದು ಕೂರಿಸಿದಳು. ಅವಳ ಕೈಯಲ್ಲಿ ಅವರ ಉಗುರಿನ ಗುರುತು ಮೂರು ದಿನ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕನ್ನಡಿ ಹಿಡಿದು ನೋಡಿ, ನರ ಸತ್ತು ಕೀವು ತುಂಬಿದೆ, ಬೇರಿನ ಒಳಗನ್ನು ತೊಳೆದು ತುಂಬಿಸಬೇಕು, ಮೂರು ಸಲ ಬರಬೇಕು, ಆಮೇಲೆ ಮೇಲೊಂದು ಕ್ಯಾಪ್ ಹಾಕಬಹುದು ಎಂದರು. ಆಮೇಲೆ ಚೀಟಿ ತೆಗೆದುಕೊಂಡು, ದನಿ ತಗ್ಗಿಸಿ, "ಹೇಗಾಯ್ತಮ್ಮ?" ಎಂದು ಕೇಳಿದರು. ಆ ದನಿ ತಗ್ಗಿಸಿದ್ದು ಯಾಕೆಂದು ಅಲ್ಲಿದ್ದ ಮೂವರಿಗೂ ತಿಳಿಯಿತು. ಡಾಕ್ಟರ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತಿತು. ಅವರು ನನ್ನನ್ನೇ ಗಂಡ ಅಂದುಕೊಂಡಿರಬೇಕು.

ಅಕ್ಕ ಕುರ್ಚಿಯಲ್ಲಿ ಒರಗಿದ್ದವರು ಮುಖ ತಿರುಗಿಸಿ, "ಇವ್ರು ಬರೆಯೋರು. ಇವ್ರೇ ಹೇಳ್ತಾರೆ. ಹೇಳಿ ಸಾ, ಹೆಂಗಾಯ್ತು?" ಎಂದರು.

ಗೋಡೆಯ ಫ್ಯಾನು ತಿರುಗುತ್ತಿತ್ತು. ನನ್ನ ಹೆಂಡತಿಗೆ ಆ ಬಚ್ಚಲಿನ ಕಾಗದದ ವಿಚಾರ ಗೊತ್ತಿರಲಿಲ್ಲ. ಇಷ್ಟು ಸರಳವಾದ ಪ್ರಶ್ನೆಗೆ ಗಂಡ ಯಾಕೆ ಬೆವರುತ್ತಿದ್ದಾನೆ ಎಂದು ಅವಳು ನನ್ನನ್ನೇ ನೋಡುತ್ತಿದ್ದಳು. ಮ್ಯಾನೇಜರ್ ಇರಲಿಲ್ಲ, ಗುತ್ತಿಗೆದಾರ ಇರಲಿಲ್ಲ, ಆದರೂ ಒಮ್ಮೆ ಬಾಗಿಲ ಕಡೆ ನೋಡಿದೆ.

"ಕಾರ್ಖಾನೆ ಗಾಡಿಯಲ್ಲಿ. ನಿಂತು ಬರ್ತಿದ್ದಾಗ ಬ್ರೇಕ್ ಹಾಕಿದ್ರು. ಕಬ್ಬಿಣದ ಹಿಡಿಗೆ ಬಡೀತು" ಎಂದೆ.

ಡಾಕ್ಟರು ಹಾಗೇ ಬರೆದುಕೊಂಡರು. ಅಕ್ಕ ಕಣ್ಣು ಮುಚ್ಚಿ ಬಾಯಿ ತೆರೆದರು.

ಮೂರು ಭಾನುವಾರ ಬಂದರು. ನೋವು ಹೋಯಿತು. ಕ್ಯಾಪಿಗೆ ಅಳತೆ ತೆಗೆದುಕೊಳ್ಳಲೇ ಎಂದು ಡಾಕ್ಟರು ಕೇಳಿದಾಗ ಬೇಡ ಎಂದರು. "ನೋವು ಹೋಗ್ಲಿ, ಗುರುತು ಇರ್ಲಿ. ಈಗ್ಲೇ ಮುಚ್ಚಿಬಿಟ್ರೆ ಏನೂ ಆಗೇ ಇಲ್ಲ ಅಂತಾರೆ." ನಗುವಾಗ ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟರು. ಬೇಕೆಂದೇ ಮೊದಲಿಗಿಂತ ಹೆಚ್ಚು ನಗುತ್ತಿದ್ದರೇನೋ ಅನ್ನಿಸುತ್ತಿತ್ತು. ಮ್ಯಾನೇಜರ್ ಸಾಲುಗಳ ನಡುವೆ ನಡೆದು ಬಂದರೆ ತಲೆ ಎತ್ತಿ, "ನಮಸ್ಕಾರ ಸಾ" ಎಂದು ಬಾಯಿ ತುಂಬ ನಗುತ್ತಿದ್ದರು. ಮ್ಯಾನೇಜರ್ ಆ ಕಡೆ ಬರುವುದನ್ನೇ ಕಡಿಮೆ ಮಾಡಿದರು.

ಅದೇ ದಿನಗಳಲ್ಲಿ ಗಾಡಿಯೊಳಗೆ ಒಂದು ಕಾಗದ ಕೈಯಿಂದ ಕೈಗೆ ಹೋಗಿತ್ತು. ಅಕ್ಕನ ಹಲ್ಲು ಮುರಿದದ್ದು ಈ ಗಾಡಿಯಲ್ಲೇ, ನಾವು ಅಲ್ಲಿದ್ದೆವು, ಎಲ್ಲರಿಗೂ ಕೂರಲು ಸೀಟು ಬೇಕು ಎಂದು ಬರೆದು ನಲವತ್ತೇಳು ಜನ ಸಹಿ ಹಾಕಿದ್ದರು. ಬರೆಯಲು ಬಾರದ ಇಬ್ಬರು ಹೆಬ್ಬೆಟ್ಟು ಒತ್ತಿದ್ದರು. ಊಟದ ಬಿಡುವಿನಲ್ಲಿ ಅದನ್ನು ತಂದು ನನ್ನ ಕಿಟಕಿಯ ಮೇಲಿಟ್ಟು ಅಕ್ಕ, "ತಗೊಂಡಿದ್ದೀವಿ ಅಂತ ಇದ್ರ ಜೆರಾಕ್ಸಿಗೆ ಒಂದು ಸೀಲ್ ಹಾಕ್ಕೊಡಿ" ಎಂದರು.

ಸೀಲ್ ಹಾಕಿದರೆ ಕಾಗದ ಕಚೇರಿಗೆ ಬಂದಿರುವುದು ದಾಖಲಾಗುತ್ತದೆ. ಆಮೇಲೆ ಕಂಡಿಲ್ಲ ಎನ್ನುವಂತಿಲ್ಲ. ಸಾಹೇಬರನ್ನು ಕೇಳಿ ಹಾಕುತ್ತೇನೆ ಎನ್ನಬಹುದಿತ್ತು. ಕ್ಲಿನಿಕ್ಕಿನಲ್ಲಿ ಬೆವರಿದ್ದು ನೆನಪಾಯಿತು. ಸೀಲ್ ಹಾಕಿದೆ. ಆ ಸಂಜೆ ಮ್ಯಾನೇಜರ್ ನನ್ನನ್ನು ನಿಲ್ಲಿಸಿಕೊಂಡು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಡ್ತಿಯ ಮಾತು ಆ ವರ್ಷ ಮತ್ತೆ ಏಳಲಿಲ್ಲ.

ಕಾಗದದಿಂದ ಏನೂ ಆಗಲಿಲ್ಲ. ಫೈಲಿನಲ್ಲಿ ಮಲಗಿತು. ಎರಡು ವಾರ ಕಾದರು. ಮೂರನೆಯ ವಾರದ ಸೋಮವಾರ, ಒಂಬತ್ತು ಗಂಟೆಯಾದರೂ ಹೊಲಿಗೆಯ ವಿಭಾಗದಲ್ಲಿ ಅರ್ಧ ಸದ್ದೇ ಇಲ್ಲ. ಗಾಡಿ ಬಂದಿತ್ತು. ಅದರಿಂದ ಇಳಿದವರು ಸರಿಯಾಗಿ ಇಪ್ಪತ್ತಾರು ಜನ. ಮಿಕ್ಕವರು ಎಲ್ಲಿ ಎಂದರೆ ಡ್ರೈವರ್ ಕೈ ಚೆಲ್ಲಿ, "ಹತ್ತಾ ಇಲ್ಲ ಸಾರ್. ರಾಜಘಟ್ಟದ ಹತ್ರ ರೋಡ್ ಪಕ್ಕ ನಿಂತವ್ರೆ" ಎಂದ. ಇಪ್ಪತ್ತಕ್ಕೂ ಹೆಚ್ಚು ಮೆಷಿನ್ನುಗಳು ಖಾಲಿ. ತೋಳು ಹೊಲಿಯುವವರಿಲ್ಲದೆ ಕಾಲರ್ ಹೊಲಿಯುವವರು ಸುಮ್ಮನೆ ಕೂತಿದ್ದರು. ಮ್ಯಾನೇಜರ್ ನನ್ನ ಮೇಜಿಗೆ ಬಂದು, ಫೋನು ಮಾಡಿ ಎಂದು ಪಕ್ಕದಲ್ಲೇ ನಿಂತರು.

ಅಕ್ಕ ಮೊದಲ ರಿಂಗಿಗೇ ಎತ್ತಿದರು.

"ಎಲ್ಲಿದ್ದೀರಿ ಅಕ್ಕಾ?"

"ಕೆಲ್ಸಕ್ಕೆ ಬರೋಕೆ ನಿಂತಿದ್ದೀವಿ ಸಾ. ಡಬ್ಬಿ ಕೈಲೇ ಐತೆ. ಗಾಡೀಲಿ ಸೀಟಿಲ್ಲ."

"ದಿನಾ ನಿಂತ್ಕೊಂಡು ಬರ್ತಿದ್ರಿ ಅಲ್ವಾ, ಇವತ್ತೇನಾಯ್ತು ಅಂತ ಕೇಳ್ತಿದ್ದಾರೆ."

"ಇವತ್ತೂ ನಿಂತೇ ಇದ್ದೀವಲ್ಲ. ರೋಡಲ್ಲಿ ನಿಂತ್ರೆ ಹಲ್ಲು ಮುರಿಯಲ್ಲ ಅಂತ ಹೇಳಿ."

ನಾನು ಫೋನಿನ ಮೇಲೆ ಕೈಯಿಟ್ಟು ಅದನ್ನು ಹಾಗೇ ಮ್ಯಾನೇಜರಿಗೆ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಅವರ ಕಿವಿ ಕೆಂಪಾಯಿತು. ಎಲ್ಲರ ಹಾಜರಿ ಹೊಡೆದುಹಾಕುತ್ತೇನೆ ಎಂದರು. ಅದನ್ನೂ ಹೇಳಿದೆ. ಆ ಕಡೆಯಿಂದ, "ಹೊಡೀಲಿ. ನಾವು ಬರಲ್ಲ ಅಂದಿಲ್ಲ, ಕರ್ಕೊಂಡು ಹೋಗಿ ಅಂತಿದ್ದೀವಿ" ಎಂದು ಬೇರೆ ಯಾರದೋ ದನಿ ಕೇಳಿತು. ಅದು ಕಿಟಕಿ ಸೀಟಿನ ಜಗಳದ ಹೆಂಗಸು. ಅಕ್ಕನ ಪಕ್ಕದಲ್ಲೇ ನಿಂತು ಅವರ ಫೋನಿಗೆ ಬಾಯಿ ಹಾಕಿದ್ದರು. ನಾಲ್ಕು ವರ್ಷದ ಮೇಲೆ ಆ ದಿನ ಬೆಳಿಗ್ಗೆ, ರಸ್ತೆ ಪಕ್ಕದ ಹುಣಸೆಮರದ ಕೆಳಗೆ, ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ತಿಂದರೆಂದು ಆಮೇಲೆ ಗೊತ್ತಾಯಿತು.

ಹತ್ತೂವರೆಗೆ ಗಾಡಿ ಎರಡನೇ ಸಲ ಹೋಗಿ ಅವರನ್ನು ಕರೆತಂದಿತು. ಮಾರನೆಯ ದಿನವೂ ಇಪ್ಪತ್ತಾರೇ ಜನ ಹತ್ತಿದರು. ಅದರ ಮಾರನೆಯ ದಿನವೂ. ಆ ವಾರ ಸಾಗಿಸಬೇಕಾದ ಸರಕು ಹಿಂದೆ ಬಿತ್ತು. ಶುಕ್ರವಾರ ಇನ್ನೊಂದು ಗಾಡಿ ಬಂತು. ಹಳೆಯದು, ಬಾಗಿಲು ಹಗ್ಗದಲ್ಲಿ ಕಟ್ಟಿದ್ದು, ಆದರೆ ಸೀಟಿತ್ತು.

ಅದಾದ ಮೇಲೆ ಮ್ಯಾನೇಜರ್ ಒಂದು ದಿನ ನನ್ನ ಮುಖ ನೋಡದೆ, "ಆ ಯಮ್ಮನ ಹೇಳಿಕೆ, ಏನು ಬರೀಬೇಕೋ ಬರೆದು ಮುಗಿಸ್ರೀ" ಎಂದರು. ನಾನು ಬರೆದೆ: ‘ಕಾರ್ಖಾನೆಯ ವಾಹನದಲ್ಲಿ ಬರುತ್ತಿದ್ದಾಗ ಚಾಲಕ ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ಹಲ್ಲು ಮುರಿದಿರುತ್ತದೆ.’ ಅಕ್ಕ ಬೆರಳಿಟ್ಟು ಓದಿದರು. ತಲೆ ಅಲ್ಲಾಡಿಸಿದರು. "ಡ್ರೈವರ್ ತಪ್ಪು ಅನ್ನೋ ಹಂಗೈತೆ. ಪಾಪ, ಅವ್ನೇನು ಮಾಡ್ತಾನೆ. ‘ಕೂರೋಕೆ ಸೀಟಿಲ್ದೆ ನಿಂತಿದ್ದಾಗ’ ಅಂತ ಸೇರ್ಸಿ." ಸೇರಿಸಿದೆ. ಇನ್ನೊಮ್ಮೆ ಮೊದಲಿನಿಂದ ಓದಿ ಸಹಿ ಹಾಕಿದರು. ಒಂದು ಪ್ರತಿ ಬೇಕು ಎಂದು ಕೇಳಿ ತೆಗೆದುಕೊಂಡರು.

ಆ ಪ್ರತಿ ಯಾರಿಗೆಂದು ನನಗೆ ಕೆಲವು ದಿನಗಳ ನಂತರ ತಿಳಿಯಿತು. ಸಂತೆಯ ದಿನ ದೊಡ್ಡಬಳ್ಳಾಪುರದಲ್ಲಿ ಅವರ ಯಜಮಾನರು ಸಿಕ್ಕಿದ್ದರು. ನಾನೇ ಮಾತಾಡಿಸಿ ಟೀ ಕೊಡಿಸಿದೆ. ಅವರು ಟೀ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಮಡಿಕೆಯಲ್ಲಿ ಆಗಲೇ ಹರಿಯುತ್ತಿತ್ತು. "ನೀವು ಬರ್ದಿದ್ದಂತೆ" ಎಂದರು. ಹೌದೆಂದೆ. "ಡೈರಿ ಹತ್ರ ಓದಿಸ್ದೆ" ಎಂದರು. ಮತ್ತೆ ಮಡಿಸಿ ಜೇಬಿನಲ್ಲಿಟ್ಟು, ಗುಂಡಿ ಹಾಕಿಕೊಂಡರು. ಡೈರಿಗೆ ಮತ್ತೆ ತಾವೇ ಹಾಲು ಒಯ್ಯುತ್ತಿರುವುದಾಗಿ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇಕಾಗಿರಲಿಲ್ಲ.

ಹೇಳಿಕೆ ಸರಿಯಾದ ಮೇಲೆ ಅಕ್ಕ ಕಾರ್ಖಾನೆಯ ಖರ್ಚಿನಲ್ಲೇ ಕ್ಯಾಪ್ ಹಾಕಿಸಿಕೊಂಡರು. ಬಿಳಿ ಸ್ವಲ್ಪ ಹೆಚ್ಚಾಗಿ, ಪಕ್ಕದ ಹಲ್ಲುಗಳಿಗೆ ಹೊಂದದೆ, ಹಳೆಯ ಗೋಡೆಗೆ ಒಂದೇ ಕಡೆ ಸುಣ್ಣ ಬಳಿದ ಹಾಗಿತ್ತು. ಅದಕ್ಕೆ ಅವರೇ ‘ಕಂಪನಿ ಹಲ್ಲು’ ಎಂದು ಹೆಸರಿಟ್ಟರು. "ಇದಕ್ಕೆ ಓವರ್‌ಟೈಮ್ ಇಲ್ಲ, ಬರೀ ಹಗಲು ಪಾಳಿ" ಎಂದು ಊಟದ ಹೊತ್ತಿಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಎರಡು ವರ್ಷದ ಮೇಲೆ ಸೀಬೆಕಾಯಿ ಕಚ್ಚುವಾಗ ಅದು ಕಿತ್ತು ಬಂತು. ಮತ್ತೆ ಅಂಟಿಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. "ಹಾಕ್ಸಿಕೊಳ್ಳೋ ಹಕ್ಕಿತ್ತು, ಹಾಕ್ಸಿಕೊಂಡೆ. ಈಗ ಬೇಡ ಅನ್ಸುತ್ತೆ, ಬೇಡ. ಆ ಸೂಜಿ ಮುಖ ಇನ್ನೊಂದ್ಸಲ ಯಾರು ನೋಡ್ತಾರೆ" ಎಂದರು. ಅಲ್ಲಿಂದ ಮುಂದೆ ಕೊನೆಯ ತನಕ ಅವರ ನಗುವಿನಲ್ಲಿ ಆ ಕಿಟಕಿ ತೆರೆದೇ ಇತ್ತು.

ದಾರ ಕತ್ತರಿಸುವ ಟೇಬಲ್ಲಿನಿಂದ ಅವರನ್ನು ವಾಪಸು ಕಾಲರಿಗೆ ಹಾಕಲಿಲ್ಲ. ಅವರೂ ಕೇಳಲಿಲ್ಲ. ಅಲ್ಲಿ ಹೊಸಬರೇ ಬಂದು ಬಂದು ಹೋಗುವುದರಿಂದ, ಕಾರ್ಖಾನೆಗೆ ಸೇರಿದ ಪ್ರತಿಯೊಬ್ಬರೂ ಮೊದಲ ತಿಂಗಳು ಅವರ ಪಕ್ಕದಲ್ಲಿ ನಿಲ್ಲುವಂತಾಯಿತು. ಓದದೆ ಸಹಿ ಹಾಕಬೇಡಿ ಎಂದು ಎಲ್ಲರಿಗೂ ಹೇಳುತ್ತಿದ್ದರಂತೆ. ನನ್ನ ಕಿಟಕಿಯ ಮುಂದೆ ಬೆರಳಿಟ್ಟು ಓದುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಯಿತು. ಸಾಲು ಉದ್ದವಾಗಿ ನನಗೆ ಊಟ ತಡವಾಗುತ್ತಿತ್ತು.

ಅವರು ಕೆಲಸ ಬಿಟ್ಟ ದಿನವನ್ನು ಹೇಳಿ ಮುಗಿಸುತ್ತೇನೆ. ನಿವೃತ್ತಿಯ ವಯಸ್ಸಿಗೆ ಇನ್ನೂ ಮೂರು ವರ್ಷ ಇತ್ತು. ಒಂದು ಬುಧವಾರ ಬಂದು, ಈ ತಿಂಗಳಿಗೆ ಸಾಕು ಸಾ ಎಂದರು. ಹೊಲದ ಬದಿಯ ಒಂದು ತುಂಡಿನಲ್ಲಿ ಹೂ ಹಾಕುತ್ತಾರಂತೆ. ಕೆಲಸ ಬಿಡುವವರಿಗೆ ಒಂದು ಫಾರಂ ಇರುತ್ತದೆ. ಅದರಲ್ಲಿ ‘ಕೆಲಸ ಬಿಡಲು ಕಾರಣ’ ಎನ್ನುವ ಜಾಗದಲ್ಲಿ ‘ವೈಯಕ್ತಿಕ’ ಎಂದು ಮೊದಲೇ ಅಚ್ಚಾಗಿರುತ್ತದೆ. ಬೈಗುಳ ತಾಳದೆ ಬಿಟ್ಟವರು, ಬೆನ್ನು ಹೋಗಿ ಬಿಟ್ಟವರು, ತೆಗೆದುಹಾಕಿಸಿಕೊಂಡವರು, ಎಲ್ಲರೂ ಅದರ ಕೆಳಗೇ ಸಹಿ ಹಾಕಿದ್ದರು.

"ವೈಯಕ್ತಿಕ ಅಂದ್ರೇನು ಸಾ?"

"ಮನೆ ಕಡೆ ಕಾರಣ ಅಂತ ಅಕ್ಕಾ."

"ಮನೇಲಿ ಏನೂ ಆಗಿಲ್ಲ. ಎಲ್ಲ ಚೆನ್ನಾಗವ್ರೆ." ಅವರು ನನ್ನ ಪೆನ್ನು ತೆಗೆದುಕೊಂಡು, ಅಚ್ಚಾದ ಪದದ ಮೇಲೆ ಒಂದು ನೇರ ಗೆರೆ ಎಳೆದರು. ಕಾಲರಿನ ಅಂಚಿಗೆ ಹೊಲಿಗೆ ಹಾಕಿದಷ್ಟೇ ನೇರ. ಅದರ ಪಕ್ಕದಲ್ಲಿ ದುಂಡಗೆ, ನಿಧಾನವಾಗಿ ಬರೆದರು: ‘ದುಡಿದಿದ್ದು ಸಾಕು ಅನ್ನಿಸಿತು. ನಾನೇ ಬಿಡುತ್ತಿದ್ದೇನೆ. ಯಾರೂ ಬಿಡಿಸಿಲ್ಲ.’ ಸಹಿ ಹಾಕಿ, ಕೇಳಿದೆ ಎಂದು ನನ್ನ ಹೆಂಡತಿಗೆ ಹೇಳಲು ತಿಳಿಸಿ, ಹೊರಟರು.

ಮಧ್ಯಾಹ್ನ ಮ್ಯಾನೇಜರ್ ಆ ಫಾರಂ ಹಿಡಿದುಕೊಂಡು ಬಂದರು. ಹಳೆಯವರು ಹೋಗಿ ಹೊಸಬರು ಬಂದಿದ್ದರು, ಆದರೆ ಮಾತು ಹಳೆಯದೇ. "ಏನ್ರೀ ಇದು? ಬೇರೆ ಫಾರಂ ತಗೊಂಡು ನೀವೇ ‘ವೈಯಕ್ತಿಕ’ ಅಂತ ಮಾಡಿ, ಸೈನ್ ಹಾಕಿಸಿಕೊಂಡು ಬನ್ನಿ" ಎಂದರು.

"ಆಗಲ್ಲ ಸಾರ್" ಎಂದೆ. "ಅದು ಅವರ ಮಾತು."